ಜಪಾನಿಗೆ ಹೊರಟ ದೊನ್ ವಿಲ್ಫ್ರಿದೊ

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ. ದೊನ್ ವಿಲ್ಫ್ರಿದೊ ಸಕೋತೊ ಎರಡಕ್ಕೂ ಕೈಹಾಕಿ ಎರಡರಲ್ಲೂ ಅರ್ಧದಾರಿಗೆ ನಿಂತವನು. ಅವನು ಸುತ್ತಿದ್ದು ತನ್ನ ಮನೆಯ ಸುತ್ತಲಿನ ಬೀದಿಯನ್ನು. ಓದಿದ್ದು ಜಗತ್ತಿನ ಏಳೆಂಟು ಭಾಷೆಗಳ ಮೊದಲ ಒಂಬತ್ತು ಪಾಠಗಳನ್ನು.

ಒಂಬತ್ತೇ ಯಾಕೆ ಎಂದರೆ ಅದಕ್ಕೆ ಕಾರಣ ಮಳೆ. ಎಕ್ವಡಾರಿನ ಬೆಟ್ಟದ ನೆತ್ತಿಯಲ್ಲಿರುವ ನಮ್ಮ ಸಾನ್ ಬಾರ್ತೊಲೊ ಊರಿನಲ್ಲಿ ಪರದೇಶದ ರೇಡಿಯೊ ಸ್ಟೇಷನ್ನುಗಳು ಕೇಳಿಸುವುದು ಬೇಸಿಗೆಯಲ್ಲಿ ಮಾತ್ರ. ಆ ಸ್ಟೇಷನ್ನುಗಳು ಪುಕ್ಕಟೆಯಾಗಿ ಭಾಷೆ ಕಲಿಸುತ್ತವೆ. ಒಂಬತ್ತನೆಯ ಪಾಠ ಮುಗಿಯುವ ಹೊತ್ತಿಗೆ ಸರಿಯಾಗಿ ಗುಡುಗು ಶುರುವಾಗಿ ರೇಡಿಯೊ ಕರಕರ ಎನ್ನಲು ಹತ್ತುತ್ತದೆ. ಮತ್ತೆ ಆಕಾಶ ತಿಳಿಯಾದಾಗ ಅಲ್ಲಿ ಇನ್ನಾವುದೋ ಭಾಷೆಯ ಮೊದಲ ಪಾಠ ನಡೆಯುತ್ತಿರುತ್ತದೆ. ಹೀಗಾಗಿ ವಿಲ್ಫ್ರಿದೊ ಜರ್ಮನ್, ರಷ್ಯನ್, ಜಪಾನಿ ಮೊದಲಾದ ಭಾಷೆಗಳಲ್ಲಿ ನಮಸ್ಕಾರ ಹೇಳಬಲ್ಲ, ಚಹಾ ಕೇಳಬಲ್ಲ, ಮೇಜಿನ ಕೆಳಗೆ ಬೆಕ್ಕಿದೆ ಎಂದು ಸಾರಬಲ್ಲ. ಆ ಬೆಕ್ಕು ಆಮೇಲೆ ಏನಾಯಿತು ಎಂಬುದು ಅವನಿಗೆ ಯಾವ ಭಾಷೆಯಲ್ಲೂ ಗೊತ್ತಿಲ್ಲ.

ಅವನ ಕಸುಬು ಟೋಪಿಯದು. ಊರಿನ ಹೆಂಗಸರು ಹೆಣೆದು ತರುವ ಹುಲ್ಲಿನ ಟೋಪಿಗಳನ್ನು ಮರದ ಅಚ್ಚಿನ ಮೇಲೆ ಕೂರಿಸಿ, ಒದ್ದೆ ಬಟ್ಟೆ ಹೊದಿಸಿ, ಇಸ್ತ್ರಿ ಮಾಡಿ ಆಕಾರ ಕೊಡುವುದು. ಆ ಟೋಪಿಗಳು ಇಟಲಿಗೆ ಹೋಗುತ್ತವೆ, ಜಪಾನಿಗೆ ಹೋಗುತ್ತವೆ. ಊರಿನ ಗಂಡುಮಕ್ಕಳು, ಹೆಣ್ಣುಮಕ್ಕಳು ನ್ಯೂಯಾರ್ಕಿಗೆ, ಮಾದ್ರಿದ್ದಿಗೆ ದುಡಿಯಲು ಹೋಗುತ್ತಾರೆ. ಸಾನ್ ಬಾರ್ತೊಲೊದಲ್ಲಿ ಹೊರದೇಶಕ್ಕೆ ಹೋಗದೆ ಉಳಿದದ್ದು ಚರ್ಚಿನ ಗಂಟೆ ಮತ್ತು ವಿಲ್ಫ್ರಿದೊ ಎಂದು ಜನ ನಗುತ್ತಿದ್ದರು. ಅವನಿಗೋ ಒಂದೇ ಆಸೆ. ಸಾಯುವುದರೊಳಗೆ ಒಮ್ಮೆ ಒಬ್ಬ ಪರದೇಶಿಯ ಜೊತೆ ಅವರ ಭಾಷೆಯಲ್ಲಿ ಮಾತಾಡಬೇಕು, ಅವರು ತಿರುಗಿ ಉತ್ತರ ಕೊಡಬೇಕು. ಇಷ್ಟು ವರ್ಷವೂ ಅವನು ರೇಡಿಯೊಗೆ ಉತ್ತರ ಕೊಟ್ಟದ್ದೇ ಕೊಟ್ಟದ್ದು, ರೇಡಿಯೊ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ಪ್ರಯಾಣಯೋಗಕ್ಕೆ ನಮ್ಮಲ್ಲಿ ಒಂದು ಉಪಾಯವಿದೆ. ಹೊಸ ವರ್ಷದ ಹನ್ನೆರಡು ಗಂಟೆ ಹೊಡೆಯುತ್ತಲೇ ಖಾಲಿ ಸೂಟ್‌ಕೇಸು ಹಿಡಿದು ಬೀದಿಯನ್ನು ಒಂದು ಸುತ್ತು ಓಡಿ ಬಂದರೆ ಆ ವರ್ಷ ದೂರದೇಶ ಖಂಡಿತ. ವಿಲ್ಫ್ರಿದೊ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪದೆ ಓಡಿದ್ದ. ಅವನ ಅಕ್ಕಪಕ್ಕ ಓಡಿದವರೆಲ್ಲ ಒಬ್ಬೊಬ್ಬರಾಗಿ ವಿಮಾನ ಹತ್ತಿದರು. ಅವನು ಮಾತ್ರ ಪ್ರತಿ ವರ್ಷ ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದ.

ಆ ವರ್ಷ ಅದೂ ತಪ್ಪಿತು. ನೆಗಡಿ ಎಂದು ಹೆಂಡತಿ ದೆಲ್ಫೀನಾ ಕೊಟ್ಟ ಚಕ್ಕೆ ಹಾಕಿದ ಬಿಸಿ ಸಾರಾಯಿಯನ್ನು ಕುಡಿದು ಮಲಗಿದವನಿಗೆ ಎಚ್ಚರವಾದಾಗ ಕೋಳಿ ಕೂಗುತ್ತಿತ್ತು. ಹೊಸ ವರ್ಷ ಅವನನ್ನು ಎಬ್ಬಿಸದೆ ಒಳಗೆ ಬಂದುಬಿಟ್ಟಿತ್ತು.

"ಎಬ್ಬಿಸಬಾರ್ದಿತ್ತೇನೇ!" ಎಂದು ಹಣೆ ಚಚ್ಚಿಕೊಂಡ.

"ಇಷ್ಟು ವರ್ಷ ಓಡಿ ಎಲ್ಲಿಗೆ ಹೋದ್ರಿ? ಒಂದು ವರ್ಷ ಮಲಗಿ ನೋಡಿ. ಅದ್ರಿಂದ್ಲಾದ್ರೂ ಯೋಗ ಬರಬಹುದು," ಎಂದು ದೆಲ್ಫೀನಾ ಮಗ್ಗುಲು ಬದಲಿಸಿದಳು.

ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಆದರೆ ವಿಲ್ಫ್ರಿದೊ ರೇಡಿಯೊ ಕೇಳಿದವನು. ಭೂಮಿಯ ಮೇಲೆ ಎಲ್ಲ ಕಡೆಯೂ ಒಂದೇ ಹೊತ್ತು ಇರುವುದಿಲ್ಲ ಎಂಬ ಅಪಾಯಕಾರಿ ಜ್ಞಾನ ಅವನಲ್ಲಿತ್ತು. ನಮ್ಮಲ್ಲಿ ಬೆಳಗಿನ ಆರಾದಾಗ ಪೆಸಿಫಿಕ್ ಸಾಗರದ ಯಾವುದೋ ದ್ವೀಪದಲ್ಲಿ ಆಗ ತಾನೇ ಹನ್ನೆರಡು ಹೊಡೆಯುತ್ತದೆ. ಅಂದರೆ ಅಲ್ಲಿಯ ಹೊಸ ವರ್ಷ ಇನ್ನೂ ಕೈತಪ್ಪಿಲ್ಲ! ಗಡಿಯಾರ ನೋಡಿದ, ಆರಕ್ಕೆ ಸ್ವಲ್ಪವೇ ಕಡಿಮೆ. ಮದುವೆಯ ಕೋಟು ಏರಿಸಿದ, ಸೂಟ್‌ಕೇಸು ಎಳೆದುಕೊಂಡ, ಓಡಿದ.

ಮೂಲೆಯ ಮನೆಯ ದೋನ್ಯ ತಾರ್ಹೇಲಿಯ ಬಾಗಿಲ ಮುಂದೆ ಕಸ ಗುಡಿಸುತ್ತಿದ್ದಳು. ದೊನ್ ಎಂಬುದು ನಮ್ಮಲ್ಲಿ ಗಂಡಸರಿಗೆ, ದೋನ್ಯ ಎಂಬುದು ಹೆಂಗಸರಿಗೆ ಮರ್ಯಾದೆಯ ಮಾತು. ಊರಿನ ಸುದ್ದಿಯೆಲ್ಲ ಆಕೆಯ ಪೊರಕೆಗೆ ಸಿಗದೆ ಮುಂದೆ ಹೋಗುವುದಿಲ್ಲ.

"ಏನ್ ದೊನ್ ವಿಲ್ಫ್ರಿದೊ, ಬೆಳಬೆಳಗ್ಗೆ ಕೋಟು, ಪೆಟ್ಟಿಗೆ! ಯಾವ ಕಡೆ ಸವಾರಿ?"

ನಿಂತು ಪೆಸಿಫಿಕ್ ದ್ವೀಪದ ಗಡಿಯಾರವನ್ನು ವಿವರಿಸಲು ಸಮಯವಿರಲಿಲ್ಲ. ಅಲ್ಲದೆ ನಿದ್ದೆಯಲ್ಲಿ ಹಬ್ಬ ಕಳೆದುಕೊಂಡೆ ಎಂದು ಹೇಳಲು ನಾಚಿಕೆ. ಕಳೆದ ಬೇಸಿಗೆಯಲ್ಲಿ ಕೇಳಿದ್ದು ಜಪಾನಿ ಪಾಠ.

"ಜಪಾನಿಗೆ!" ಎಂದು ಕೂಗಿ ಓಡಿದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವನು ಬೀದಿ ಸುತ್ತಿ ಹಿತ್ತಲ ಬಾಗಿಲಿನಿಂದ ಮನೆಗೆ ಬಂದು, ಏದುಸಿರು ಬಿಡುತ್ತ ಕೋಟು ಕಳಚುವಷ್ಟರಲ್ಲಿ ಮುಂಬಾಗಿಲು ಬಡಿದ ಸದ್ದಾಯಿತು. ತೆರೆದರೆ ತಾರ್ಹೇಲಿಯ, ಕಂಕುಳಲ್ಲಿ ಒಂದು ಗಂಟು.

"ಅಯ್ಯಯ್ಯೋ, ದೇವ್ರು ದೊಡ್ಡೋನು, ಇನ್ನೂ ಇದ್ದೀರ! ಹೋಗೇಬಿಟ್ರೇನೋ ಅಂದ್ಕೊಂಡೆ."

"ಅದು... ಬಸ್ಸು..." ಎಂದು ವಿಲ್ಫ್ರಿದೊ ತೊದಲಿದ.

"ಹೊಸ ವರ್ಷದ ದಿನ ಬಸ್ಸೆಲ್ಲಿ ಬರುತ್ತೆ? ನನ್ನ ಮಗನಿಗೋಸ್ಕರವೇ ದೇವ್ರು ನಿಮ್ಮನ್ನ ತಡೆದಿದ್ದು. ಶನಿವಾರ ಹೊರಡಿ. ಅಷ್ಟರಲ್ಲಿ ಇಸಾವುರೊಗೆ ಒಂದು ಒಳ್ಳೆ ಕುಯ್ ಹುರಿದುಕೊಡ್ತೀನಿ. ಅಲ್ಲೀವರೆಗೆ ಈ ಬಾರ್ಲಿ ಹಿಟ್ಟು ಇಟ್ಕೊಂಡಿರಿ."

ಕುಯ್ ಎಂದರೆ ನಮ್ಮ ಅಡುಗೆಮನೆಯ ಮೂಲೆಮೂಲೆಯಲ್ಲಿ ಕುಯ್ ಕುಯ್ ಎಂದು ಓಡಾಡುವ ಗಿನಿಯಿಲಿ. ಬೆಳ್ಳುಳ್ಳಿ ಸವರಿ ಕೆಂಡದ ಮೇಲೆ ಹುರಿದರೆ ಅದರ ಮುಂದೆ ಬೇರೆ ಹಬ್ಬದೂಟವಿಲ್ಲ. ಹೊರದೇಶಕ್ಕೆ ಯಾರು ಹೊರಟರೂ ಅಲ್ಲಿರುವ ಮಕ್ಕಳಿಗೆ ಒಂದೊಂದು ಕುಯ್ ಕಳಿಸದ ತಾಯಿ ನಮ್ಮಲ್ಲಿ ಇಲ್ಲ. ಹೊತ್ತುಕೊಂಡು ಹೋಗಲಾರೆ ಎಂದ ಪ್ರಯಾಣಿಕನೂ ಇಲ್ಲ.

"ಇಸಾವುರೊ ಇರೋದು ನ್ಯೂಯಾರ್ಕಲ್ಲಿ ಅಲ್ವಾ ದೋನ್ಯ ತಾರ್ಹೇಲಿಯ?" ಎಂದ ವಿಲ್ಫ್ರಿದೊ, ಮುಳುಗುವವನು ಹುಲ್ಲುಕಡ್ಡಿ ಹಿಡಿದಂತೆ. "ನ್ಯೂಯಾರ್ಕು ಆ ಕಡೆ. ಜಪಾನು ಈ ಕಡೆ. ಭೂಮಿ ದುಂಡಗಿದೆ ನೋಡಿ."

"ದುಂಡಗಿದೆ ಅಂದ್ಮೇಲೆ ಯಾವ ಕಡೆಯಿಂದ ಹೋದ್ರೂ ಸಿಕ್ಕೇ ಸಿಗುತ್ತೆ ಬಿಡಿ!" ಎಂದು ತಾರ್ಹೇಲಿಯ ಗಂಟನ್ನು ಅವನ ಕೈಗಿಟ್ಟಳು. "ಏಳು ವರ್ಷ ಆಯ್ತು ದೊನ್ ವಿಲ್ಫ್ರಿದೊ, ನನ್ನ ಕೈಯಡುಗೆ ತಿಂದು. ಫೋನಲ್ಲಿ ಅದನ್ನೇ ಕೇಳ್ತಾನೆ."

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡ ದೆಲ್ಫೀನಾ ಗಂಡನ ಅಂಗಿಗಳನ್ನು ಮಡಿಸಲು ಕುಳಿತಳು. ಒಂದೊಂದು ಅಂಗಿಯ ಮೇಲೂ ಅಂಗೈಯಿಂದ ಪಟಾರನೆ ಒಂದೊಂದು ಏಟು. ಆ ಏಟು ಯಾರಿಗೆ ಎಂಬುದು ಅಂಗಿಗೂ ಗೊತ್ತಿತ್ತು.

"ದೆಲ್ಫೀನಾ, ನಾನು ಎಲ್ಲಿಗೂ ಹೋಗ್ತಿಲ್ಲ ಕಣೇ. ಬಾಯಿಗೆ ಬಂತು, ಅಂದೆ ಅಷ್ಟೆ."

"ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡಿ."

"ಸತ್ಯವಾಗ್ಲೂ!"

"ಹೋಗೋದಾದ್ರೆ ಇಬ್ರೂ ಹೋಗೋಣ ಅಂತ ಮದುವೆ ದಿನ ಅಂದಿದ್ದೋರು ಯಾರು? ಹೋಗಿ. ಒಬ್ರೇ ಹೋಗಿ. ಜಪಾನಲ್ಲಿ ಚಳಿಯಂತೆ, ಉಣ್ಣೆ ಬನೀನು ಇಟ್ಟಿದ್ದೀನಿ." ಅವಳ ಕಣ್ಣು ತುಂಬಿತ್ತು. ಸುಳ್ಳನ್ನು ಇಡೀ ಊರು ಒಂದೇ ಸಲಕ್ಕೆ ನಂಬಿತ್ತು, ನಿಜವನ್ನು ಹೆಂಡತಿಯೂ ನಂಬುತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಊರಿನ ಅಧ್ಯಕ್ಷರಾದ ದೊನ್ ಹೊಮೇರೊ ವಿಂತಿಮಿಯಾ ಡೋಲಿನವನೊಬ್ಬನನ್ನು ಕರೆದುಕೊಂಡು ಬಂದರು. ಅಧ್ಯಕ್ಷರು ಎಲ್ಲಿಗೆ ಹೋದರೂ ಡೋಲಿನವನು ಇರಬೇಕು. ಇಲ್ಲದಿದ್ದರೆ ಭಾಷಣ ಎಲ್ಲಿ ಮುಗಿಯಿತು ಎಂದು ಜನರಿಗೆ ತಿಳಿಯುವುದಿಲ್ಲ.

"ವಿಲ್ಫ್ರಿದೊ! ಇವತ್ತಿನಿಂದ ನೀನು ಬರೀ ಟೋಪಿ ಇಸ್ತ್ರಿ ಮಾಡೋನಲ್ಲ. ಸಾನ್ ಬಾರ್ತೊಲೊದ ರಾಯಭಾರಿ!" ಡೋಲು ಢಮ್ಮೆಂದಿತು.

"ಅಧ್ಯಕ್ಷರೇ, ನನ್ನ ಹತ್ರ ಟಿಕೆಟ್ಟೇ ಇಲ್ಲ."

"ಶ್!" ಅಧ್ಯಕ್ಷರು ಕಣ್ಣು ಮಿಟುಕಿಸಿದರು. "ಟಿಕೆಟ್ ಕಳಿಸಿದ್ದು ಯಾರು ಅಂತ ನಂಗೊತ್ತು. ಟೋಪಿ ಕೊಳ್ಳೋ ಜಪಾನಿಗಳು. ಗುಟ್ಟಾಗಿರ್ಲಿ, ಪಕ್ಕದೂರಿನೋರಿಗೆ ಗೊತ್ತಾದ್ರೆ ಅವರೂ ಹೊರಟುಬಿಡ್ತಾರೆ."

"ಪಾಸ್‌ಪೋರ್ಟೂ ಇಲ್ಲ ಅಧ್ಯಕ್ಷರೇ!"

"ನೋಡ್ರಪ್ಪಾ, ಎಂಥ ವಿನಯ!" ಎಂದು ಅಧ್ಯಕ್ಷರು ಬಾಗಿಲಲ್ಲಿ ನೆರೆದವರ ಕಡೆ ತಿರುಗಿದರು. "ತುಂಬಿದ ಕೊಡ ತುಳುಕಲ್ಲ ಅನ್ನೋದು ಇದಕ್ಕೇ. ಇಂಥೋರನ್ನ ಬಸ್‌ಸ್ಟ್ಯಾಂಡಿಗೆ ಒಬ್ಬಂಟಿಯಾಗಿ ಕಳಿಸೋದಾ? ನಮ್ಮ ಭಾವಮೈದುನನ ಬಸ್ಸಿದೆ. ಊರೆಲ್ಲ ಗ್ವಾಯಾಕೀಲಿನ ವಿಮಾನ ನಿಲ್ದಾಣಕ್ಕೆ ಹೋಗಿ ಬೀಳ್ಕೊಟ್ಟು ಬರೋಣ!" ಡೋಲು ಮತ್ತೆ ಢಮ್ಮೆಂದಿತು. ಸಮುದ್ರದ ಗಾಳಿ ಬೀಸುವ ಆ ಪಟ್ಟಣವನ್ನು ಊರಿನ ಮುಕ್ಕಾಲು ಪಾಲು ಜನ ನೋಡಿರಲಿಲ್ಲ. ಹೋ ಎಂದು ಎದ್ದ ಗದ್ದಲದಲ್ಲಿ ವಿಲ್ಫ್ರಿದೊನ ದನಿ ಅವನಿಗೇ ಕೇಳಿಸಲಿಲ್ಲ.

ಕೊನೆಯ ಆಸರೆ ದೇವರೆಂದು ಅವನು ಫಾದರ್ ಎಲಾದಿಯೊ ಬಳಿ ಪಾಪನಿವೇದನೆಗೆ ಮಂಡಿಯೂರಿದ.

"ಸುಳ್ಳು ಹೇಳಿದೆ ಫಾದರ್. ನಾನು ಜಪಾನಿಗೆ ಹೋಗ್ತಿಲ್ಲ."

"ಭಯ ಸಹಜ ಮಗನೇ," ಎಂದರು ಫಾದರ್ ಮೃದುವಾಗಿ. "ರೋಮಿಗೆ ಹೋಗೋ ಹಿಂದಿನ ದಿನ ನಾನೂ ಹೀಗೇ ಅಂದಿದ್ದೆ, ಹೋಗಲ್ಲ ಅಂತ. ಆದ್ರೂ ಸುಳ್ಳು ಸುಳ್ಳೇ. ಪ್ರಾಯಶ್ಚಿತ್ತವಾಗಿ ಬರ್ತಾ ಚರ್ಚಿಗೊಂದು ಜಪಾನಿ ಗಡಿಯಾರ ತಾ."

ಶನಿವಾರ ಮುಂಜಾನೆ ಬಸ್ಸು ಹೊರಟಾಗ ಒಳಗೆ ಕೂರಲು ಜಾಗವಿರಲಿಲ್ಲ. ಬಸ್ಸಿನ ಮಾಡಿನ ಮೇಲೆ ಎರಡು ಗೋಣಿಚೀಲ. ಬಟ್ಟೆಯಲ್ಲಿ ಸುತ್ತಿ ಹೊಲಿದು, ಮೇಲೆ ಮಕ್ಕಳ ಹೆಸರು ಬರೆದ ಹುರಿದ ಕುಯ್‌ಗಳು, ಬೇಯಿಸಿದ ಮೆಕ್ಕೆಜೋಳ, ಉಂಡೆ ಕಟ್ಟಿದ ಚೀಸು. ನ್ಯೂಯಾರ್ಕಿಗೆ, ಮಾದ್ರಿದ್ದಿಗೆ, ಒಂದು ಮಿಲಾನಿಗೆ. ಜಪಾನಿಗೆ ಮಾತ್ರ ಒಂದೂ ಇರಲಿಲ್ಲ. ಆದರೆ ಅದನ್ನು ಯಾರೂ ಗಮನಿಸಲಿಲ್ಲ.

ದೆಲ್ಫೀನಾ ಗಂಡನ ಪಕ್ಕ ಕೂರದೆ ತಾರ್ಹೇಲಿಯಳ ಪಕ್ಕ ಕುಳಿತಳು. ವಿಲ್ಫ್ರಿದೊ ಕಿಟಕಿಗೆ ಅಂಟಿಕೊಂಡ. ಮೈಯೆಲ್ಲ ಬೆವರು, ಮನಸ್ಸಿನ ತುಂಬ ಮುಂದಾಗುವ ಮಾನಭಂಗದ ಚಿತ್ರ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಇವನದು ಗಿನಿಯಿಲಿಗೆ ಹೋಗಲಿತ್ತು. ಆದರೂ ಸತ್ಯ ಹೇಳಬೇಕಲ್ಲ, ಬಸ್ಸು ಬೆಟ್ಟ ಇಳಿಯಲು ಶುರುಮಾಡಿದ ಮೇಲೆ ಅವನಿಗೆ ಭಯ ಮರೆತೇ ಹೋಯಿತು. ಮೋಡ ಮೇಲುಳಿಯಿತು, ಬಾಳೆ ತೋಟಗಳು ಬಂದವು, ಸೆಕೆ ಒಳಗೆ ನುಗ್ಗಿತು. ಹೆಂಗಸರು ಒಂದೊಂದೇ ಉಣ್ಣೆ ಶಾಲು ಕಳಚಿ ಕಿಟಕಿಗೆ ನೇತುಹಾಕಿದರು.

"ಇದೇನಾ ಜಪಾನು?" ಎಂದು ಹಿಂದಿನ ಸೀಟಿನಿಂದ ಯಾರೋ ಕೂಗಿದರು.

"ಇನ್ನೂ ಎಕ್ವಡಾರ್ ಕಣಯ್ಯಾ!"

"ಇಷ್ಟು ದೂರ ಬಂದ್ರೂನಾ!"

ವಿಲ್ಫ್ರಿದೊ ಎದ್ದುನಿಂತು ಜಪಾನಿ ಭಾಷೆಯಲ್ಲಿ ಬಾಳೆಹಣ್ಣು, ನದಿ, ಸೇತುವೆ ಎಂದು ಕಂಡದ್ದಕ್ಕೆಲ್ಲ ಹೆಸರು ಹೇಳತೊಡಗಿದ. ಬಸ್ಸಿಗೆ ಬಸ್ಸೇ ಅವನ ಹಿಂದೆ ಮಗ್ಗಿಯಂತೆ ಒಪ್ಪಿಸಿತು. ದೆಲ್ಫೀನಾ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು.

ವಿಮಾನ ನಿಲ್ದಾಣದ ಮುಂದೆ ಇಳಿದಾಗ ಮರೆತಿದ್ದ ಭಯ ಮತ್ತೆ ನೆನಪಾಯಿತು. ಆದರೆ ದಾರಿಯಲ್ಲಿ ಅವನೊಂದು ಉಪಾಯ ಹೂಡಿದ್ದ. ಒಳಗೆ ಹೋಗುವುದು, ಎಲ್ಲಾದರೂ ಅಡಗಿ ಕೂರುವುದು, ಬಸ್ಸು ಊರಿಗೆ ಹೊರಟ ಮೇಲೆ ಹೊರಬಂದು ಗೋಣಿಚೀಲಗಳನ್ನು ನಿಜವಾಗಿ ನ್ಯೂಯಾರ್ಕಿಗೆ ಹೊರಟ ಯಾರಾದರೂ ಪುಣ್ಯಾತ್ಮನಿಗೆ ಒಪ್ಪಿಸುವುದು, ಆಮೇಲೆ ಒಂದೆರಡು ತಿಂಗಳು ಈ ಪಟ್ಟಣದಲ್ಲೇ ಇದ್ದ ತಂಗಿಯ ಮನೆಯಲ್ಲಿ ಜಪಾನಿನಲ್ಲಿರುವುದು.

ಗಾಜಿನ ಬಾಗಿಲಲ್ಲಿ ಕಾವಲುಗಾರ ಅಡ್ಡ ನಿಂತ. "ಬೀಳ್ಕೊಡೋರು ಇಲ್ಲೇ ನಿಲ್ಲಿ. ಎಷ್ಟು ಜನರೀ! ಪೋಪ್ ಏನಾದ್ರೂ ಹೊರಟಿದ್ದಾರಾ?"

ಅಪ್ಪುಗೆ, ಅಳು, ಅಧ್ಯಕ್ಷರ ಭಾಷಣ, ಡೋಲು. ದೆಲ್ಫೀನಾ ಮುಂದೆ ಬಂದು ಅವನ ಕೋಟಿನ ಗುಂಡಿ ಸರಿಪಡಿಸಿ, "ಹೊಟ್ಟೆ ತುಂಬ ಉಣ್ಣಿ," ಎಂದಷ್ಟೇ ಹೇಳಿ ಹಿಂದೆ ಸರಿದಳು. ವಿಲ್ಫ್ರಿದೊ ಕಾವಲುಗಾರನ ಕಿವಿಯ ಬಳಿ ಬಾಗಿ ಪಿಸುಗುಟ್ಟಿದ.

"ಅಣ್ಣಾ, ಶೌಚಾಲಯ ಎಲ್ಲಿ?"

ಕಾವಲುಗಾರ ಕೈಯೆತ್ತಿ ಒಳಗಡೆ ತೋರಿಸಿದ. "ನೇರ ಹೋಗಿ ಎಡಕ್ಕೆ."

"ನೋಡಿ, ನೋಡಿ!" ಎಂದು ಹೊರಗಿದ್ದ ತಾರ್ಹೇಲಿಯ ಕೂಗಿದಳು. "ಜಪಾನಿನ ದಾರಿ ತೋರಿಸ್ತಿದ್ದಾನೆ!" ಎಲ್ಲರೂ ಕರವಸ್ತ್ರ ಬೀಸಿದರು.

ಒಂದು ಸೂಟ್‌ಕೇಸು, ಎರಡು ಗೋಣಿಚೀಲಗಳೊಂದಿಗೆ ರಾಯಭಾರಿಗಳು ಶೌಚಾಲಯದೊಳಗೆ ಹೊಕ್ಕು ಚಿಲಕ ಹಾಕಿಕೊಂಡರು. ಬೆಳ್ಳುಳ್ಳಿ ಹಚ್ಚಿ ಹುರಿದ ಕುಯ್‌ಗಳ ಘಮ ಗೋಡೆಯಿಂದ ಗೋಡೆಗೆ ಹರಡಿತು. ಹೊರಗೆ ಕೈ ತೊಳೆಯಲು ಬಂದವರು, "ಇಲ್ಲೇನು ಹೋಟೆಲ್ ಶುರು ಮಾಡಿದ್ದಾರಾ?" ಎಂದು ಕೇಳುವುದು ಒಳಗೆ ಕೇಳಿಸುತ್ತಿತ್ತು. ವಿಲ್ಫ್ರಿದೊ ಉಸಿರು ಬಿಗಿಹಿಡಿದು ಕೂತೇ ಇದ್ದ. ಕಾಲು ಜೋಮು ಹಿಡಿಯಿತು. ಇಷ್ಟು ಹೊತ್ತಿಗೆ ಬಸ್ಸು ಬೆಟ್ಟ ಹತ್ತುತ್ತಿರಬೇಕು ಎಂದು ಖಾತ್ರಿಯಾದ ಮೇಲೆ ಚಿಲಕ ತೆಗೆದ.

ಅವನಿಗೆ ಗೊತ್ತಿಲ್ಲದ ಸಂಗತಿಗಳು ಎರಡು. ಮೊದಲನೆಯದು, ಆ ಶೌಚಾಲಯಕ್ಕೆ ಎರಡು ಬಾಗಿಲು: ಒಂದು ಹೊರಡುವವರ ಕಡೆಗೆ, ಇನ್ನೊಂದು ಬರುವವರ ಕಡೆಗೆ. ಕಾಲು ಜೋಮಿನಲ್ಲಿ ದಿಕ್ಕು ತಪ್ಪಿ ಅವನು ಎರಡನೆಯದರಿಂದ ಹೊರಬಿದ್ದ. ಎರಡನೆಯದು, ಇಷ್ಟು ದೂರ ಬಂದು ವಿಮಾನದಿಂದ ಇಳಿಯುವವರನ್ನು ನೋಡದೆ ಹೋಗುವುದುಂಟೇ ಎಂದು ಸಾನ್ ಬಾರ್ತೊಲೊದ ಸಮಸ್ತರೂ ಬರುವವರ ಕಟಕಟೆಗೆ ಒರಗಿ ನಿಂತಿದ್ದರು. ಆಗ ತಾನೇ ಯಾವುದೋ ವಿಮಾನ ಇಳಿದು ಪ್ರಯಾಣಿಕರು ಗಾಡಿ ತಳ್ಳಿಕೊಂಡು ಬರುತ್ತಿದ್ದರು. ಅವರ ನಡುವೆ ಮದುವೆಯ ಕೋಟು, ಸೂಟ್‌ಕೇಸು, ಎರಡು ಗೋಣಿಚೀಲ.

ಡೋಲಿನವನು ಅಭ್ಯಾಸಬಲದಿಂದ ಸ್ವಾಗತದ ಪೆಟ್ಟು ಬಾರಿಸಿಯೇಬಿಟ್ಟ.

"ಬಂದೇಬಿಟ್ರಾ!"

"ಎಷ್ಟು ಬೇಗ!"

"ವಿಮಾನ ಅಂದ್ರೆ ಸುಮ್ನೆ ಏನ್ರೀ!"

ಫಾದರ್ ಎಲಾದಿಯೊ ಗಡಿಯಾರಕ್ಕಾಗಿ ಅವನ ಕೈ ಕಡೆ ನೋಡಿದರು. ತಾರ್ಹೇಲಿಯ ಕಟಕಟೆಯಡಿ ನುಸುಳಿ ಓಡಿಬಂದು ಅವನ ತೋಳು ಹಿಡಿದಳು. "ಸಿಕ್ಕಿದ್ನಾ? ನನ್ನ ಇಸಾವುರೊ ಸಿಕ್ಕಿದ್ನಾ? ಹೇಗಿದ್ದಾನೆ? ತಿಂದ್ನಾ?"

ತಿಂದ ಎಂದರೆ ಮುಗಿಯುತ್ತಿತ್ತು. ಆಕೆ ನಂಬುತ್ತಿದ್ದಳು, ಖುಷಿಪಡುತ್ತಿದ್ದಳು, ಅವನ ಮಾನವೂ ಉಳಿಯುತ್ತಿತ್ತು. ಆದರೆ ಆ ಮುಖದ ಮೇಲಿನ ಆಸೆಯನ್ನು ನೋಡಿ ವಿಲ್ಫ್ರಿದೊನ ನಾಲಿಗೆ ಹೊರಳಲಿಲ್ಲ. ಬೀದಿ ಓಡುತ್ತ ಹೇಳಿದ ಸುಳ್ಳು ಬೇರೆ, ತಾಯಿಗೆ ಮಗನ ಬಗ್ಗೆ ಹೇಳುವ ಸುಳ್ಳು ಬೇರೆ.

"ದೋನ್ಯ ತಾರ್ಹೇಲಿಯ, ನಾನು ಎಲ್ಲಿಗೂ ಹೋಗಿಲ್ಲ. ಶೌಚಾಲಯದಲ್ಲಿ ಕೂತಿದ್ದೆ. ಟಿಕೆಟ್ಟೂ ಇಲ್ಲ, ಯಾರೂ ಕರೆದೂ ಇಲ್ಲ. ಹಬ್ಬದ ರಾತ್ರಿ ನಿದ್ದೆ ಹೋದೆ, ಬೆಳಗ್ಗೆ ಓಡಿದೆ, ನೀವು ಕೇಳಿದ್ರಿ, ಜಪಾನು ಅಂದುಬಿಟ್ಟೆ. ತಪ್ಪಾಯ್ತು."

ಈ ಸಲ ನಂಬಿದರು. ನಂಬದಿದ್ದರೆ ಒಳ್ಳೆಯದು ಎನ್ನುವಾಗಲೇ ನಂಬುವುದು ನಮ್ಮ ಜನರ ಗುಣ.

"ಸುಳ್ಳ!" ಎಂದು ತಾರ್ಹೇಲಿಯ ಅವನ ತೋಳು ಕೊಡವಿದಳು. "ನನ್ನ ಮನೆಯ ದೊಡ್ಡ ಕುಯ್‌ನ ಕೊಂದು ಹುರಿದೆನಲ್ಲೋ!"

"ನಾನು ಮೊದಲೇ ಹೇಳಿದ್ದೆ," ಎಂದರು ಅಧ್ಯಕ್ಷರು, ಯಾರಿಗೆ ಎಂದು ಹೇಳದೆ.

"ಚರ್ಚಿಗೆ ಗಡಿಯಾರ ಇಲ್ಲ ಅಂದ ಹಾಗಾಯ್ತು," ಎಂದು ಫಾದರ್ ನಿಟ್ಟುಸಿರುಬಿಟ್ಟರು. ಬೈಗುಳ ಬೆಟ್ಟದ ಮಳೆಯಂತೆ ಸುರಿಯಿತು. ವಿಲ್ಫ್ರಿದೊ ತಲೆ ತಗ್ಗಿಸಿ ನಿಂತ. ಅಷ್ಟರಲ್ಲಿ ಅವನ ಪಕ್ಕಕ್ಕೆ ಯಾರೋ ಬಂದು ನಿಂತಂತಾಯಿತು. ದೆಲ್ಫೀನಾ. ಸಿಟ್ಟಿನಿಂದ ಮುಖ ಕೆಂಪಾಗಿತ್ತು, ಆದರೆ ಕೈ ಅವನ ಕೈಯೊಳಗೆ ಬಂದಿತ್ತು.

"ಹೋಗ್ತಿರ್ಲಿಲ್ವಾ? ನಿಜವಾಗ್ಲೂ?"

"ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲೇ?"

"ಮನೆಗೆ ಬನ್ನಿ, ವಿಚಾರಿಸ್ಕೋತೀನಿ," ಎಂದಳು. ಕೈ ಮಾತ್ರ ಬಿಡಲಿಲ್ಲ.

ಆಗಲೇ ಗುಂಪಿನ ಅಂಚಿನಲ್ಲಿ ಒಬ್ಬ ಮುದುಕಿ ಕಾಣಿಸಿಕೊಂಡಳು. ಗುಬ್ಬಚ್ಚಿಯಷ್ಟು ಪುಟ್ಟ ದೇಹ, ಬೆನ್ನಿಗೊಂದು ಚೀಲ, ತಲೆಗೊಂದು ಬಟ್ಟೆಯ ಟೋಪಿ. ಆಮೆಗಳಿರುವ ದ್ವೀಪ ನೋಡಲು ಬರುವ ಪರದೇಶಿಗಳಲ್ಲಿ ಒಬ್ಬಳು. ಕರೆದೊಯ್ಯಬೇಕಾದವನು ಇನ್ನೂ ಬಂದಿರಲಿಲ್ಲವೋ ಏನೋ, ಕಾವಲುಗಾರನಿಗೆ ಏನನ್ನೋ ಕೇಳುತ್ತಿದ್ದಳು. ಅವನು ಭುಜ ಕುಣಿಸಿದ. ಆಕೆ ಇನ್ನೊಬ್ಬನನ್ನು ಕೇಳಿದಳು. ಅವನೂ ಭುಜ ಕುಣಿಸಿದ.

ವಿಲ್ಫ್ರಿದೊನ ಮೈ ಝುಮ್ಮೆಂದಿತು. ಅದು ನಾಲ್ಕನೆಯ ಪಾಠ! ರೇಡಿಯೊದ ಹೆಂಗಸು ಹೇಳಿದ ಹಾಗೆಯೇ, ಅದೇ ರಾಗದಲ್ಲಿ! ಆಕೆ ಶೌಚಾಲಯ ಎಲ್ಲಿ ಎಂದು ಕೇಳುತ್ತಿದ್ದಳು. ಆ ಮಹಾ ನಿಲ್ದಾಣದಲ್ಲಿ ವಿಲ್ಫ್ರಿದೊಗೆ ಖಚಿತವಾಗಿ ಗೊತ್ತಿದ್ದ ಜಾಗ ಅದೊಂದೇ.

ಅವನು ಮುಂದೆ ಹೋಗಿ ಸೊಂಟದವರೆಗೆ ಬಾಗಿದ. ಜಪಾನಿ ಭಾಷೆಯಲ್ಲಿ ಹೇಳಿದ: "ಅಲ್ಲಿದೆ. ನೇರ ಹೋಗಿ, ಬಲಕ್ಕೆ. ಹತ್ತಿರ."

ಮುದುಕಿ ಕಣ್ಣರಳಿಸಿ ಬಾಗಿದಳು. ವಿಲ್ಫ್ರಿದೊ ಮತ್ತೆ ಬಾಗಿದ. ಪರಿಸ್ಥಿತಿ ಅರ್ಥವಾಗದಿದ್ದರೂ ಅಧ್ಯಕ್ಷರು ಬಾಗಿದರು. ಅಧ್ಯಕ್ಷರು ಬಾಗಿದ್ದರಿಂದ ಇಡೀ ಸಾನ್ ಬಾರ್ತೊಲೊ ಬಾಗಿತು. ಆಕೆ ಒಳಗೆ ಹೋಗಿ ಬರುವವರೆಗೂ ಎಲ್ಲರೂ ಶೌಚಾಲಯದ ಬಾಗಿಲನ್ನೇ ನೋಡುತ್ತ ನಿಂತರು. ಹೊರಬಂದವಳು ನೆಟ್ಟಗೆ ವಿಲ್ಫ್ರಿದೊನ ಬಳಿಗೇ ಬಂದು ಏನೋ ಅಂದಳು.

"ಏನಂತೆ? ಏನಂತೆ?" ಬಯ್ಯುವುದನ್ನು ಎಲ್ಲರೂ ಮರೆತಿದ್ದರು.

"ಥ್ಯಾಂಕ್ಸ್ ಅಂತೆ," ಎಂದ ವಿಲ್ಫ್ರಿದೊ. "ನನ್ನ ಜಪಾನಿ ಚೆನ್ನಾಗಿದೆಯಂತೆ. ಉತ್ತರ ಕೊಟ್ಟಳು ಕಣೇ ದೆಲ್ಫೀನಾ! ನಾನು ಅಂದದ್ದು ಅವಳಿಗೆ ಕೇಳಿಸ್ತು!" ದೊಡ್ಡ ಗಂಡಸು ಮಗುವಿನ ಹಾಗೆ ಅಳುತ್ತ ನಗುತ್ತಿದ್ದ.

"ಇನ್ನೇನಾದ್ರೂ ಮಾತಾಡ್ಸಿ," ಎಂದು ದೆಲ್ಫೀನಾ ಅವನ ತೋಳು ಜಗ್ಗಿದಳು. "ಪಾಪ, ಈ ವಯಸ್ಸಲ್ಲಿ ಒಬ್ಬಳೇ ಬಂದಿದ್ದಾಳೆ. ಮಕ್ಕಳೆಷ್ಟು ಅಂತ ಕೇಳಿ."

ಎಣಿಕೆ ಐದನೆಯ ಪಾಠ, ಸಂಸಾರ ಆರನೆಯದು. ವಿಲ್ಫ್ರಿದೊ ಕೇಳಿದ. ಮುದುಕಿ ಮೂರು ಬೆರಳೆತ್ತಿ ಉತ್ತರ ಕೊಟ್ಟಳು. ಅದರಲ್ಲಿ ಒಂದು ಪದವನ್ನು ಅವನು ರೇಡಿಯೊದಲ್ಲಿ ಕೇಳಿದ್ದು ರೈಲು ನಿಲ್ದಾಣದ ಬಗ್ಗೆ ಮಾತ್ರ. ನಿಲ್ದಾಣ ದೂರವೇ? ಹೌದು, ತುಂಬಾ ದೂರ.

"ಮೂವರು," ಎಂದ. "ಮೂವರೂ ದೂರ. ತುಂಬಾ ದೂರ ಇದ್ದಾರಂತೆ."

ಅಲ್ಲಿ ನಿಂತಿದ್ದ ಹೆಂಗಸರಲ್ಲಿ ಮಕ್ಕಳು ಹತ್ತಿರವಿದ್ದವರು ಒಬ್ಬರೋ ಇಬ್ಬರೋ. ತಾರ್ಹೇಲಿಯ ಮೂಗೊರೆಸಿಕೊಂಡು ಗೋಣಿಚೀಲದ ಬಳಿ ಕುಕ್ಕರಿಸಿದಳು. ಗಂಟುಗಳನ್ನು ಅತ್ತಿತ್ತ ಸರಿಸಿ, ಇಸಾವುರೊ ಎಂದು ಬರೆದ ಗಂಟನ್ನು ಹುಡುಕಿ ಹೊರತೆಗೆದಳು. ಹೊಲಿಗೆಯನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ತೊಡೆಯ ತುಂಡನ್ನು ಮುರಿದು, ಒಂದಿಷ್ಟು ಜೋಳ ಸೇರಿಸಿ, ಮುದುಕಿಯ ಅಂಗೈಯಲ್ಲಿಟ್ಟಳು.

"ತಿನ್ನವ್ವಾ. ಆರಿಹೋಗಿದೆ, ಬೇಜಾರು ಮಾಡ್ಕೋಬೇಡ. ಹೇಳ್ರೀ ವಿಲ್ಫ್ರಿದೊ, ನನ್ನ ಮಗನಿಗೆ ಅಂತ ಮಾಡಿದ್ದು ಅಂತ ಹೇಳಿ."

ವಿಲ್ಫ್ರಿದೊ ಹೇಳಿದ. ಮುದುಕಿ ಆ ತುಂಡನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ ಹಾಗೆ ಮೇಲೆತ್ತಿ, ಬಾಗಿ, ಒಂದು ತುತ್ತು ಕಚ್ಚಿದಳು. ನಿಧಾನವಾಗಿ ಅಗಿದಳು. ಆಮೇಲೆ ತಾರ್ಹೇಲಿಯಳ ಮುಖವನ್ನೇ ನೋಡುತ್ತ ಒಂದೇ ಒಂದು ಮಾತಾಡಿದಳು.

ಬಸ್ಸು ತುಂಬುವಷ್ಟು ಜನ ವಿಲ್ಫ್ರಿದೊನ ಬಾಯಿ ನೋಡಿದರು.

"ರುಚಿಯಾಗಿದೆಯಂತೆ!" ಎಂದು ಅವನು ಕೂಗಿದ. ಡೋಲು ಬಡಿಯಿತು.

ತಾರ್ಹೇಲಿಯ ಕೈಯಲ್ಲಿದ್ದ ಶಾಲನ್ನು ಬಾಯಿಗೆ ಒತ್ತಿಕೊಂಡು ಒಂದು ಗಳಿಗೆ ಆಚೆ ತಿರುಗಿ ನಿಂತಳು. ತಿರುಗಿದಾಗ ಕಣ್ಣು ಒದ್ದೆ, ದನಿ ಮಾತ್ರ ಎಂದಿನಷ್ಟೇ ಜೋರು.

"ಬಾಯ್ಬಿಟ್ಕೊಂಡು ನೋಡ್ತೀರಲ್ಲ ದೊನ್ ವಿಲ್ಫ್ರಿದೊ! ಇನ್ನೊಂದು ತುಂಡು ಬೇಕಾ ಅಂತ ಕೇಳ್ರೀ! ಮತ್ಯಾಕೆ ನಿಮ್ಮನ್ನ ಇಷ್ಟು ದೂರ ಕರ್ಕೊಂಡು ಬಂದಿದ್ದು?"